'ಚಕ್ರ'ದ ಹೊಟ್ಟೆಯಲ್ಲಿ ಸತ್ತ ಇಪ್ಪತ್ತು ಜನ

ಐಎನ್‌ಎಸ್ ಚಕ್ರ ಅಂದ ಕೂಡಲೇ ನಮಗೆಲ್ಲ ಎದೆ ಉಬ್ಬುತ್ತೆ. ಉಬ್ಬಲಿ, ನನ್ನ ತಕರಾರಿಲ್ಲ. ಆದ್ರೆ ಅದು ನಮ್ಮ ಕೈಗೆ ಬರೋ ಮೊದಲೇ ಅದರೊಳಗೆ 20 ಜನ ಉಸಿರುಗಟ್ಟಿ ಸತ್ತಿದ್ರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅದರ ಹುಟ್ಟುಹೆಸರು 'ನೆರ್ಪಾ'. ರಷ್ಯಾದ ದೂರಪೂರ್ವದ ಅಮೂರ್ ಹಡಗುಕಟ್ಟೆಯಲ್ಲಿ 1990ರ ದಶಕದ ಶುರುವಿನಲ್ಲಿ ಕೆಲಸ ಆರಂಭವಾಯ್ತು. ದುಡ್ಡಿಲ್ಲದೆ ವರ್ಷಗಟ್ಟಲೆ ಹಾಗೇ ನಿಂತಿತ್ತು. 2004ರ ಒಪ್ಪಂದದ ನಂತರ ನಮ್ಮ ಹಣದಿಂದ ಮತ್ತೆ ಜೀವ ಬಂತು, 2006ರಲ್ಲಿ ನೀರಿಗಿಳೀತು.

2008ರ ನವೆಂಬರ್ 8, ಜಪಾನ್ ಸಮುದ್ರದಲ್ಲಿ ಪರೀಕ್ಷಾ ಸಂಚಾರ. ಮಾಮೂಲಿ ಸಿಬ್ಬಂದಿ ಎಪ್ಪತ್ತು ಚಿಲ್ಲರೆ ಇರಬೇಕಾದ ಕಡೆ 208 ಜನ! ಬೆಂಕಿಯೇ ಇಲ್ಲದೆ ಬೆಂಕಿ ನಂದಿಸೋ ವ್ಯವಸ್ಥೆ ಚಾಲೂ ಆಗಿ ಫ್ರಿಯಾನ್ ಅನಿಲ ನುಗ್ಗಿತು. ಸತ್ತ 20 ಜನರಲ್ಲಿ 17 ಮಂದಿ ನೌಕಾಪಡೆಯವರೇ ಅಲ್ಲ, ಹಡಗಿನ ಕೆಲಸಕ್ಕೆ ಬಂದ ನಾಗರಿಕರು. ಆಮೇಲೆ ನೋಡಿದ್ರೆ ಆ ಅನಿಲದಲ್ಲೂ ಕಲಬೆರಕೆ: ಬಟ್ಟೆ ಡ್ರೈಕ್ಲೀನ್ ಮಾಡೋಕೆ ಬಳಸೋ ಟೆಟ್ರಾಕ್ಲೋರೋಎಥಿಲೀನ್ ಅನ್ನೋ ವಿಷ.

ತಪ್ಪು ಯಾರ ತಲೆಗೆ ಕಟ್ಟಿದ್ರು? ಗುಂಡಿ ಒತ್ತಿದ ಅಂತ ಒಬ್ಬ ನಾವಿಕನ ತಲೆಗೆ! ಜ್ಯೂರಿ ಎರಡೆರಡು ಸಲ ಅವನನ್ನ ನಿರ್ದೋಷಿ ಅಂದ್ರು. ವಾದಕ್ಕೆ ಅವನೇ ಒತ್ತಿದ ಅಂತಿಟ್ಕೊಳ್ಳಿ. ಒಂದು ಬೆರಳಿನ ತಪ್ಪಿಗೆ 20 ಹೆಣ ಬೀಳೋ ಹಾಗಿದ್ರೆ, ತಪ್ಪು ಬೆರಳಿನದಾ? ವಿಷ ತುಂಬಿಸಿದವರದು, ಅಷ್ಟೊಂದು ಜನರನ್ನ ಒಳಗೆ ತುರುಕಿದವರದು ಏನೂ ಇಲ್ವಾ?

ಯುದ್ಧದ ಹಡಗು ಸ್ವಾಮೀ, ಗುಟ್ಟು ಇರ್ಲೇಬೇಕು ಅಂತೀರಾ? ಇರಲಿ. ಎಷ್ಟು ಆಳಕ್ಕೆ ಹೋಗುತ್ತೆ, ಎಷ್ಟು ಸದ್ದು ಮಾಡುತ್ತೆ ಅನ್ನೋದು ಗುಟ್ಟಾಗಿರಲಿ. ಸಿಲಿಂಡರಿನೊಳಗೆ ಇರೋದು ಅಸಲೋ ನಕಲೋ ಅನ್ನೋದು ಯಾವ ಶತ್ರುವಿಗೆ ಬೇಕಾದ ಗುಟ್ಟು? ಅದು ಗುಟ್ಟಾದ್ರೆ ಬಚಾವಾಗೋದು ದೇಶ ಅಲ್ಲ, ಕಂಟ್ರಾಕ್ಟರು.

ನಮ್ಮಲ್ಲೇ ಬೇರೆ ಥರದ ಉದಾಹರಣೆ ಇದೆ. 2014ರ ಫೆಬ್ರವರಿಯಲ್ಲಿ ಸಿಂಧುರತ್ನದಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಸತ್ತಾಗ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ಅವತ್ತೇ ರಾಜೀನಾಮೆ ಕೊಟ್ರು. ಹೊಣೆ ಮೇಲಕ್ಕೆ ಹತ್ತಬೇಕು, ಕೆಳಕ್ಕೆ ಜಾರಬಾರದು.

2012ರಲ್ಲಿ ಹತ್ತು ವರ್ಷದ ಬಾಡಿಗೆಗೆ ನಮ್ಮ ನೌಕಾಪಡೆ ಸೇರಿದ ಚಕ್ರ, 2021ರಲ್ಲಿ ರಷ್ಯಾಕ್ಕೆ ವಾಪಸ್ ಹೋಯ್ತು. 2024ರಲ್ಲಿ ನಮ್ಮದೇ ಎರಡು ದಾಳಿ ಜಲಾಂತರ್ಗಾಮಿ ಕಟ್ಟೋಕೆ ಒಪ್ಪಿಗೆ ಸಿಕ್ಕಿದೆ. ಖುಷಿ ಪಡೋಣ. ಆದ್ರೆ ವೇಗ ಎಷ್ಟು, ಟಾರ್ಪಿಡೋ ಎಷ್ಟು ಅಂತ ಬರೆಯೋ ನಾವು, ಪರೀಕ್ಷೆಗೆ ಒಳಗೆ ಇಳಿಯೋ ಫಿಟ್ಟರ್‌ಗೆ ಉಸಿರಾಟದ ಮುಖವಾಡ ಇದೆಯಾ ಅಂತಲೂ ಕೇಳೋಣ.

ಅಷ್ಟು ಕೇಳಿದ್ರೆ ದೇಶದ್ರೋಹ ಆಗುತ್ತಾ? ನೀವೇ ಹೇಳಿ.