ಒಣಗಿದ ಸೊಪ್ಪಿನಲ್ಲಿ ಉಳಿಯುವುದೇನು?

ಕೊತ್ತಂಬರಿ ಸೊಪ್ಪು ಅಗ್ಗವಾದಾಗ ನಾಲ್ಕು ಕಟ್ಟು ಹೆಚ್ಚಿಗೆ ತಂದು, ಒಣಗಿಸಿ ಡಬ್ಬಿಯಲ್ಲಿ ತುಂಬಿಡುವವರುಂಟು. ತಿಂಗಳ ನಂತರ ಅದನ್ನು ಸಾರಿಗೆ ಹಾಕಿದರೆ ಒಣಹುಲ್ಲು ಉದುರಿಸಿದಂತಿರುತ್ತದೆ. ಆದರೆ ಕಸೂರಿ ಮೇಥಿ, ಅಂದರೆ ಒಣಗಿಸಿದ ಒಂದು ಬಗೆಯ ಮೆಂತ್ಯದ ಸೊಪ್ಪು, ಚಿಟಿಕೆಯಷ್ಟಿದ್ದರೂ ಅಡುಗೆಮನೆಯೆಲ್ಲ ಘಮಘಮಿಸುತ್ತದೆ. ಎರಡೂ ಒಣಗಿದ ಎಲೆಗಳೇ. ಹಾಗಾದರೆ ಈ ವ್ಯತ್ಯಾಸವೇಕೆ?

ಹಸಿ ಸೊಪ್ಪಿನ ತೂಕದಲ್ಲಿ ಸುಮಾರು ಶೇಕಡ 85ರಷ್ಟು ನೀರು. 100 ಗ್ರಾಂ ಸೊಪ್ಪು ಪೂರ್ತಿ ಒಣಗಿದರೆ ಉಳಿಯುವುದು 15 ಗ್ರಾಂ ಆಸುಪಾಸು. ಮೂರು ಚಮಚ ಹಸಿ ಸೊಪ್ಪಿಗೆ ಒಂದು ಚಮಚ ಒಣ ಸೊಪ್ಪು ಎಂಬ ಅಡುಗೆಯವರ ಲೆಕ್ಕ ಹುಟ್ಟಿದ್ದು ಇಲ್ಲಿಂದ. ಆದರೆ ನೀರು ಒಂಟಿಯಾಗಿ ಹೊರಡುವುದಿಲ್ಲ. ಎಲೆಯ ಸುವಾಸನೆಗೆ ಕಾರಣವಾದ, ಬೇಗ ಆವಿಯಾಗುವ ಪದಾರ್ಥಗಳೂ ಅದರ ಜೊತೆಗೆ ಹೊರಡುತ್ತವೆ. ಎಷ್ಟು ಹೋಗುತ್ತವೆ ಎಂಬುದು ಆಯಾ ಎಲೆಯ ರಸಾಯನವನ್ನು ಅವಲಂಬಿಸಿದೆ.

ಕೊತ್ತಂಬರಿ ಸೊಪ್ಪಿನ ಘಮಕ್ಕೆ ಮುಖ್ಯ ಕಾರಣ ಆಲ್ಡಿಹೈಡ್‌ಗಳು. ಇವು ಗಾಳಿಯ ಆಮ್ಲಜನಕದೊಡನೆ ಸುಲಭವಾಗಿ ವರ್ತಿಸಿ ರೂಪ ಬದಲಿಸುತ್ತವೆ. ಅದೇ ಗಿಡದ ಬೀಜದಲ್ಲಿರುವುದು ಲಿನಲೂಲ್ ಎಂಬ ಬೇರೊಂದು ಪದಾರ್ಥ. ಆದ್ದರಿಂದಲೇ ಸೊಪ್ಪಿನ ಕೆಲಸವನ್ನು ಧನಿಯ ಮಾಡಲಾರದು. ಪಿಜ್ಜಾದ ಮೇಲೆ ಉದುರಿಸುವ ಒರೆಗಾನೊದಲ್ಲಿ ಕಾರ್ವಕ್ರಾಲ್, ಥೈಮಾಲ್‌ಗಳಿವೆ. ಇವು ಕುದಿಯಲು 230 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಬೇಕು. ಹಾಗಾಗಿ ಅದು ಒಣಗಿದರೂ ಪರಿಮಳ ಬಿಡುವುದಿಲ್ಲ. ನಮ್ಮ ದೊಡ್ಡಪತ್ರೆ, ಓಮಗಳ ವಾಸನೆಯೂ ಇದೇ ಬಳಗದ್ದು.

ಒಣ ಎಲೆ ಮತ್ತೆ ನೀರು ಹೀರಿ ಸಾರ ಬಿಡಲು ಸಮಯ ಬೇಕು. ಅದನ್ನು ಅಡುಗೆ ಕುದಿಯುವಾಗಲೇ ಹಾಕಬೇಕು. ಕೊತ್ತಂಬರಿ ಸೊಪ್ಪನ್ನು ಒಲೆಯಿಂದ ಇಳಿಸಿದ ಮೇಲೆ ಹಾಕುವುದೇ ಸರಿ. ಕರಿಬೇವಿನ ಸುವಾಸನೆ ಎಣ್ಣೆಯಲ್ಲಿ ಚೆನ್ನಾಗಿ ಕರಗುವುದರಿಂದ ಅದಕ್ಕೆ ಒಗ್ಗರಣೆಯೇ ತಕ್ಕ ಜಾಗ. ಆಗ ಕೇಳುವ ಚಟಪಟ ಸದ್ದು ಎಲೆಯೊಳಗಿನ ನೀರು ಥಟ್ಟನೆ ಆವಿಯಾಗುವುದರದು.

ತಂದೆತಾಯಿಯರು ಗಮನಿಸಬೇಕಾದ ಮಾತೊಂದಿದೆ. ನುಗ್ಗೆ ಸೊಪ್ಪಿನ ಪುಡಿಯಲ್ಲಿ ಹಸಿ ಸೊಪ್ಪಿಗಿಂತ ಹಲವು ಪಟ್ಟು ಸುಣ್ಣ, ಕಬ್ಬಿಣಗಳಿವೆ ಎಂಬ ಪ್ರಚಾರವುಂಟು. ತೂಕಕ್ಕೆ ತೂಕ ಹೋಲಿಸಿದರೆ ಅದು ಸುಳ್ಳಲ್ಲ. ಆದರೆ ಒಣಗಿಸುವುದರಿಂದ ಖನಿಜವೇನೂ ಹೊಸದಾಗಿ ಹುಟ್ಟುವುದಿಲ್ಲ. ನೀರು ಹೋಗಿದೆ, ಅಷ್ಟೆ. ಜೊತೆಗೆ ಸಿ ಜೀವಸತ್ವದ ಬಹುಪಾಲೂ ಹೋಗಿರುತ್ತದೆ. ಮಗು ಒಂದು ಬಟ್ಟಲು ಸೊಪ್ಪಿನ ಪಲ್ಯ ತಿನ್ನುವುದಕ್ಕೆ ಒಂದು ಚಮಚ ಪುಡಿ ಸಮವಾಗದು.

ಒಣಗಿಸಲೇಬೇಕಾದರೆ ಬಿಸಿಲಿಗಿಂತ ಗಾಳಿಯಾಡುವ ನೆರಳು ಮೇಲು. ಬಿಸಿಲು ಎಲೆಯ ಹಸಿರನ್ನೂ ಕೆರೋಟಿನನ್ನೂ ಕೆಡಿಸುತ್ತದೆ. ಮುರಿದರೆ ಗರಿಗರಿ ಸದ್ದು ಬರುವವರೆಗೆ ಒಣಗಿಸದಿದ್ದರೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಮನೆಯಲ್ಲೇ ಮಾಡಬಹುದಾದ ಪ್ರಯೋಗವೊಂದಿದೆ. ಕೊತ್ತಂಬರಿ, ಪುದೀನ, ಮೆಂತ್ಯದ ಸೊಪ್ಪುಗಳನ್ನು ತಲಾ 50 ಗ್ರಾಂ ತೂಗಿ ನೆರಳಿನಲ್ಲಿ ಒಣಗಿಸಿ, ಮತ್ತೆ ತೂಗಿ, ಹೋದ ನೀರು ಶೇಕಡ ಎಷ್ಟೆಂದು ಲೆಕ್ಕ ಹಾಕುವುದು. ಬಳಿಕ ಕಣ್ಣು ಮುಚ್ಚಿ, ವಾಸನೆಯಿಂದಲೇ ಯಾವುದು ಯಾವ ಸೊಪ್ಪೆಂದು ಗುರುತಿಸುವುದು. ನೀರಿನ ಲೆಕ್ಕ ತಕ್ಕಡಿ ಹೇಳುತ್ತದೆ. ಪರಿಮಳದ ಲೆಕ್ಕವನ್ನು ಮೂಗೇ ಹೇಳಬೇಕು.