ಬಾಕಿ ಚಲನ್‌ಗೆ ಗಾಡಿ ಕೀಲಿ ಕಸಿಯಬಹುದೇ? ಸಿಕಂದರಾಬಾದ್ ರಸ್ತೆಗಳಿಂದ ಹೈಕೋರ್ಟ್‌ವರೆಗೆ ಹೋದ ಪ್ರಶ್ನೆ

ಸಿಕಂದರಾಬಾದ್‌ನ ಪ್ಯಾರಡೈಸ್ ಸರ್ಕಲ್, ಬೇಗಂಪೇಟೆ, ತಾರ್ನಾಕಾ ಕಡೆ ಬೈಕ್ ಓಡಿಸುವವರಿಗೆ ಈ ದೃಶ್ಯ ಹೊಸದಲ್ಲ. ಸಿಗ್ನಲ್ ದಾಟುತ್ತಿದ್ದಂತೆ ಪೊಲೀಸರು ಬದಿಗೆ ಕರೆಯುತ್ತಾರೆ. ಹೆಲ್ಮೆಟ್ ಇದೆ, ಲೈಸೆನ್ಸ್ ಇದೆ, ಇನ್ಶೂರೆನ್ಸ್ ಕೂಡ ಚಾಲ್ತಿಯಲ್ಲಿದೆ. ಆದರೂ ಬಿಡುವುದಿಲ್ಲ. ಗಾಡಿ ನಂಬರ್ ಒತ್ತಿದರೆ ಹಳೆಯ ಲೆಕ್ಕ ಸಾಲಾಗಿ ತೆರೆದುಕೊಳ್ಳುತ್ತದೆ. ಒಂದು 135, ಇನ್ನೊಂದು 235, ಮತ್ತೊಂದು 1,235 ರೂಪಾಯಿ. ಎಲ್ಲ ಕಟ್ಟಿದರೆ ಸರಿ, ಇಲ್ಲದಿದ್ದರೆ ಕೀಲಿ ಪೊಲೀಸರ ಕೈಯಲ್ಲಿ. ಹಿಂದೆ ಊಟದ ಪಾರ್ಸೆಲ್ ಇಟ್ಟುಕೊಂಡು ನಿಂತ ಡೆಲಿವರಿ ಹುಡುಗನಿಗೆ ಆ ಹೊತ್ತಿನಲ್ಲಿ ವಾದ ಮಾಡುವ ಪುರುಸೊತ್ತು ಇರುವುದಿಲ್ಲ. ಯಾರಿಗಾದರೂ ಫೋನ್ ಮಾಡಿ ಹಣ ಹಾಕಿಸಿಕೊಂಡು ಕಟ್ಟಿ ಹೊರಡುತ್ತಾನೆ.

(ಆ 35 ರೂಪಾಯಿ ಏನು ಎಂದು ಕೇಳುವವರು ಕಡಿಮೆ. ತೆಲಂಗಾಣದ ಚಲನ್‌ನಲ್ಲಿ ದಂಡದ ಜೊತೆ ಸೇರಿ ಬರುವ ಬಳಕೆ ಶುಲ್ಕ ಅದು.)

ಹೀಗೆ ರಸ್ತೆಯಲ್ಲಿ ನಿಲ್ಲಿಸಿ ಹಳೆಯ ಬಾಕಿ ವಸೂಲಿ ಮಾಡುವುದಕ್ಕೆ 2026ರ ಜನವರಿಯಲ್ಲಿ ತೆಲಂಗಾಣ ಹೈಕೋರ್ಟ್ ತಡೆ ಒಡ್ಡಿತು. ಬಾಕಿ ಚಲನ್ ಕಟ್ಟುವಂತೆ ವಾಹನ ಸವಾರರನ್ನು ಬಲವಂತ ಮಾಡಬಾರದು, ಅದಕ್ಕಾಗಿ ಗಾಡಿ ತಡೆದು ಕೀಲಿ ಕಿತ್ತುಕೊಳ್ಳಬಾರದು, ಸವಾರ ತಾನಾಗಿಯೇ ಕಟ್ಟಿದರೆ ತೆಗೆದುಕೊಳ್ಳಬಹುದು, ಕಟ್ಟದಿದ್ದರೆ ಕಾನೂನಿನ ಪ್ರಕಾರ ನೋಟಿಸ್ ಕೊಟ್ಟು ಕೋರ್ಟ್ ಮೂಲಕ ಮುಂದುವರಿಯಬೇಕು ಎಂಬುದು ಆ ನಿರ್ದೇಶನದ ತಿರುಳು. ಮೂವರ ಸವಾರಿಗೆ ಹಾಕಿದ 1,235 ರೂಪಾಯಿ ಚಲನ್‌ಗಳನ್ನು ಪ್ರಶ್ನಿಸಿ ಸಿಕಂದರಾಬಾದ್‌ನ ನಿವಾಸಿಯೊಬ್ಬರು ಕೋರ್ಟ್ ಮೆಟ್ಟಿಲೇರಿದ್ದು ಈ ಚರ್ಚೆಗೆ ಬಿಸಿ ತಂದಿತ್ತು. ಕೇಂದ್ರ ಮೋಟಾರು ವಾಹನ ಕಾಯ್ದೆಯ 194ಸಿ ಕಲಂ ಈ ತಪ್ಪಿಗೆ ಹೇಳುವುದು 1,000 ರೂಪಾಯಿ. ಹಾಗಾದರೆ 1,200 ಎಲ್ಲಿಂದ ಬಂತು ಎಂದು ಯಾರಿಗಾದರೂ ಅನ್ನಿಸುವಂಥದ್ದೇ.

ಅದೇ ತಿಂಗಳು ಮುಖ್ಯಮಂತ್ರಿ ಎ. ರೇವಂತ್ ರೆಡ್ಡಿ ಬೇರೆಯದೇ ದಾರಿ ಸೂಚಿಸಿದ್ದರು. ಇನ್ನು ರಿಯಾಯಿತಿ ಬೇಡ, ವಾಹನದ ಜೊತೆ ಮಾಲೀಕರ ಬ್ಯಾಂಕ್ ಖಾತೆ ಜೋಡಿಸಿ, ಚಲನ್ ಬಿದ್ದ ಕೂಡಲೇ ಹಣ ತಾನಾಗಿಯೇ ಕಡಿತವಾಗಲಿ ಎಂಬ ಮಾತು ಅದು. ಸರ್ಕಾರ ಖಾತೆಗೇ ಕೈ ಹಾಕಬೇಕೆನ್ನುತ್ತದೆ, ಕೋರ್ಟ್ ಕೀಲಿಗೂ ಕೈ ಹಾಕಬೇಡಿ ಎನ್ನುತ್ತದೆ. ಇವೆರಡರ ನಡುವೆ ಕಾನೂನು ನಿಜವಾಗಿ ಹೇಳುವುದೇನು?

ಚಲನ್ ಎಂದರೆ ತೀರ್ಪಲ್ಲ

ಬಹಳಷ್ಟು ಜನ ಚಲನ್ ಅನ್ನು ಕರೆಂಟ್ ಬಿಲ್ ಹಾಗೆ ನೋಡುತ್ತಾರೆ. ಬಂತು, ಕಟ್ಟಬೇಕು, ಕಟ್ಟದಿದ್ದರೆ ಸಂಪರ್ಕ ಕಡಿತ. ಪೊಲೀಸರೂ ಹಾಗೆಯೇ ನಡೆದುಕೊಳ್ಳುತ್ತಾರೆ. ಆದರೆ ಕಾನೂನಿನ ಕಣ್ಣಲ್ಲಿ ಚಲನ್ ಒಂದು ಆರೋಪ ಮಾತ್ರ. ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಕೆಲವು ತಪ್ಪುಗಳನ್ನು ರಾಜಿ ದಂಡ ಕಟ್ಟಿ ಮುಗಿಸಿಕೊಳ್ಳಲು ಅವಕಾಶ ಕೊಡುತ್ತದೆ. ಕಟ್ಟಿದರೆ ಕೇಸು ಅಲ್ಲಿಗೆ ಮುಗಿಯಿತು. ರಾಜಿ ಎಂಬ ಪದದಲ್ಲೇ ಒಪ್ಪಿಗೆ ಇದೆ. ಒಪ್ಪದವನ ಪ್ರಕರಣ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕು, ಅಲ್ಲಿ ತಪ್ಪು ಸಾಬೀತಾಗಬೇಕು, ಆಮೇಲೆ ದಂಡ. 208ನೇ ಕಲಂನಲ್ಲಿ ಸಣ್ಣ ತಪ್ಪುಗಳಿಗೆ ಸರಳ ದಾರಿಯೂ ಇದೆ. ಕೋರ್ಟ್‌ಗೆ ಹೋಗದೆ, ತಪ್ಪೊಪ್ಪಿಗೆ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಹಣದ ಜೊತೆ ಕಳಿಸಿ ಮುಗಿಸಬಹುದು.

ಗಾಡಿ ತಡೆದಿಟ್ಟುಕೊಳ್ಳುವ ಅಧಿಕಾರ ಇರುವುದು 207ನೇ ಕಲಂನಲ್ಲಿ. ಲೈಸೆನ್ಸ್ ಇಲ್ಲದೆ ಅಥವಾ ವಯಸ್ಸಾಗದವರು ಓಡಿಸಿದರೆ, ನೋಂದಣಿ ಇಲ್ಲದಿದ್ದರೆ, ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದರೆ ಅದು ಅನ್ವಯವಾಗುತ್ತದೆ. ಹಳೆಯ ಚಲನ್ ಬಾಕಿ ಆ ಪಟ್ಟಿಯಲ್ಲಿಲ್ಲ. ಹೈದರಾಬಾದ್‌ನಲ್ಲಿ ಈ ಜಗಳ ಹೊಸದೂ ಅಲ್ಲ. ಬಾಕಿಗಾಗಿ ಗಾಡಿ ಹಿಡಿಯುವ ವಿಷಯ 2021ರಲ್ಲೇ ಎದ್ದಾಗ, 90 ದಿನ ಮೀರಿದ ಚಲನ್ ಇದ್ದರೆ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 167ನೇ ನಿಯಮದಡಿ ಗಾಡಿ ಹಿಡಿಯಬಹುದು ಎಂದು ಸೈಬರಾಬಾದ್ ಪೊಲೀಸರು ಸಮರ್ಥಿಸಿಕೊಂಡಿದ್ದರು. ಅದೇ ವರ್ಷ ಕುಡಿದು ಓಡಿಸಿದ ಪ್ರಕರಣಗಳಲ್ಲೂ ಹೈಕೋರ್ಟ್ ಇದೇ ಧಾಟಿಯಲ್ಲಿ ಮಾತಾಡಿತ್ತು. ಚಾಲಕನ ಮೇಲೆ ಕೇಸು ಹಾಕಿ, ಗಾಡಿಯನ್ನು ಕುಡಿಯದೇ ಇರುವ ಇನ್ನೊಬ್ಬರ ಕೈಗೆ ಒಪ್ಪಿಸಿ, ಗಾಡಿ ಜಪ್ತಿ ಮಾಡಬೇಡಿ ಎಂದಿತ್ತು.

ಹಾಗಾದರೆ ಜಪ್ತಿ ಮಾಡುವವರು ಯಾರು?

ಇದು ಮುಖ್ಯ ಪ್ರಶ್ನೆ. ಸಾಲದ ಕೇಸಿನಲ್ಲಿ ಸೋತವರ ಮನೆ ಬಾಗಿಲಿಗೆ ಕೋರ್ಟಿನ ಅಮೀನ ಬರುವುದು ಕನ್ನಡಿಗರಿಗೆ ಗೊತ್ತು. ಸಂಚಾರ ದಂಡಕ್ಕೂ ಕಾನೂನಿನಲ್ಲಿ ಅಂಥದ್ದೊಂದು ದಾರಿ ಇದೆ. ಕೋರ್ಟ್ ದಂಡ ವಿಧಿಸಿ, ಅಪರಾಧಿ ಕಟ್ಟದಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 461ನೇ ಕಲಂ (ಹಳೆಯ ಸಿಆರ್‌ಪಿಸಿಯಲ್ಲಿ 421) ಪ್ರಕಾರ ವಾರಂಟ್ ಹೊರಡಿಸಬಹುದು. ಚರಾಸ್ತಿಯನ್ನು ಜಪ್ತಿ ಮಾಡಿ ಮಾರಬಹುದು, ಇಲ್ಲವೇ ಭೂಕಂದಾಯ ಬಾಕಿಯಂತೆ ವಸೂಲಿ ಮಾಡಿ ಎಂದು ಜಿಲ್ಲಾಧಿಕಾರಿಗೆ ಹೇಳಬಹುದು. ದಂಡ ಕಟ್ಟದಿದ್ದಕ್ಕೆ ವಿಧಿಸಿದ ಜೈಲು ಶಿಕ್ಷೆಯನ್ನು ಪೂರ್ತಿ ಅನುಭವಿಸಿದವನ ಮೇಲೆ ವಿಶೇಷ ಕಾರಣವಿಲ್ಲದೆ ಇಂಥ ವಾರಂಟ್ ಹೊರಡಿಸುವಂತಿಲ್ಲ. ಕೈಯಲ್ಲಿ ಹಣವಿಲ್ಲದವನಿಗೆ 464ನೇ ಕಲಂ ಉಸಿರಾಡಲು ಜಾಗ ಕೊಡುತ್ತದೆ. ಕಟ್ಟದಿದ್ದರೆ ಜೈಲು ಎಂಬ ಆದೇಶವಿದ್ದಾಗ ಕೋರ್ಟ್ 30 ದಿನದೊಳಗೆ ಕಟ್ಟಲು ಸಮಯ ಕೊಡಬಹುದು, ಇಲ್ಲವೇ ಎರಡು ಮೂರು ಕಂತು ಮಾಡಿಕೊಡಬಹುದು.

ಅಂದರೆ ನೋಟಿಸ್, ಸಮನ್ಸ್, ತೀರ್ಪು, ಕಂತು, ಕೊನೆಗೆ ಜಪ್ತಿ. ಪ್ರತಿ ಹಂತದಲ್ಲೂ ಮಾತಾಡಲು ಒಬ್ಬ ನ್ಯಾಯಾಧೀಶರಿದ್ದಾರೆ. ರಸ್ತೆಬದಿಯಲ್ಲಿ ಈ ಐದೂ ಹಂತ ಐದು ನಿಮಿಷದಲ್ಲಿ ಮುಗಿಯುತ್ತವೆ. ಆರೋಪ ಮಾಡಿದವನೇ ತೀರ್ಪು ಕೊಟ್ಟು, ತಾನೇ ಅಮೀನನಾಗಿ ಕೀಲಿ ಹಿಡಿಯುತ್ತಾನೆ. ಕಂತಿನ ಮಾತಂತೂ ಅಲ್ಲಿಲ್ಲ.

ಪೊಲೀಸರ ಕಷ್ಟವೂ ಸುಳ್ಳಲ್ಲ. 235 ರೂಪಾಯಿಯ ಚಲನ್‌ಗೆ ಸಮನ್ಸ್ ಜಾರಿ ಮಾಡಲು ಕಾನ್ಸ್‌ಟೇಬಲ್ ಒಬ್ಬರನ್ನು ಕಳಿಸಿದರೆ ಖರ್ಚೇ ದಂಡವನ್ನು ಮೀರುತ್ತದೆ. ನೋಂದಣಿ ಪುಸ್ತಕದಲ್ಲಿರುವ ವಿಳಾಸದಲ್ಲಿ ಎಷ್ಟೋ ಸಲ ಮಾಲೀಕರೇ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಬೈಕ್ ಮೂರು ಕೈ ದಾಟಿದ್ದರೂ ಹೆಸರು ಮೊದಲಿನವರದ್ದೇ ಇರುತ್ತದೆ. ಇನ್ನು ಸಾಮಾನ್ಯವಾಗಿ ದಂಡ ಮಾತ್ರ ಇರುವ ತಪ್ಪುಗಳಿಗೆ ಸಂಹಿತೆಯ 514ನೇ ಕಲಂ ಆರು ತಿಂಗಳ ಕಾಲಮಿತಿ ಹಾಕಿದೆ. ಅಷ್ಟರೊಳಗೆ ಪ್ರಕರಣ ಕೋರ್ಟ್ ಮುಂದೆ ಬರದಿದ್ದರೆ, ವಿಳಂಬವನ್ನು ಕೋರ್ಟ್ ಮನ್ನಿಸದ ಹೊರತು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಹೀಗಿರುವಾಗ ಮೂರು ನಾಲ್ಕು ವರ್ಷದ ಹಳೆಯ ಚಲನ್ ತೋರಿಸಿ ರಸ್ತೆಯಲ್ಲಿ ಹಣ ಕೇಳುವುದಕ್ಕೆ ಕಾನೂನಿನ ಬಲ ಎಷ್ಟಿದೆ ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಕೋರ್ಟ್‌ಗೆ ಒಯ್ದರೆ ಸೋಲುವ ಭಯ, ಬಿಟ್ಟರೆ ಖಜಾನೆಗೆ ನಷ್ಟ. ಹಾಗಾಗಿ ಕೀಲಿಯೇ ಸುಲಭ.

ಬೆದರಿಕೆ ಒಮ್ಮೆ, ಡಿಸ್ಕೌಂಟ್ ಒಮ್ಮೆ

ವಸೂಲಿಯ ದಾರಿ ಬಳಸದ ಸರ್ಕಾರಗಳಿಗೆ ಉಳಿಯುವುದು ಸಂತೆಯ ದಾರಿ. ತೆಲಂಗಾಣ 2022ರ ಮಾರ್ಚ್‌ನಲ್ಲಿ ಬೈಕ್, ಆಟೊ ಬಾಕಿಗೆ ಶೇ 75ರಷ್ಟು ರಿಯಾಯಿತಿ ಕೊಟ್ಟಿತು. ಜನ ಮುಗಿಬಿದ್ದರು. ಗಡುವು ಏಪ್ರಿಲ್ 15ರವರೆಗೆ ವಿಸ್ತರಣೆಯಾಯಿತು, ಸುಮಾರು 300 ಕೋಟಿ ರೂಪಾಯಿ ಬಂತು. ಎರಡು ವರ್ಷ ತುಂಬುವ ಮೊದಲೇ, 2023ರ ಡಿಸೆಂಬರ್ 26ರಿಂದ ಮತ್ತೆ ರಿಯಾಯಿತಿ. ಈ ಸಲ ಬೈಕ್, ಆಟೊಗೆ ಶೇ 80, ಸರ್ಕಾರಿ ಬಸ್‌ಗಳಿಗೆ ಶೇ 90, ಕಾರು ಮತ್ತು ಭಾರಿ ವಾಹನಗಳಿಗೆ ಶೇ 60. ಜನವರಿ 10ಕ್ಕೆ ಮುಗಿಯಬೇಕಿದ್ದದ್ದು ಫೆಬ್ರುವರಿವರೆಗೆ ಎಳೆಯಿತು.

ಕರ್ನಾಟಕದ ಓದುಗರು ನಗುವ ಹಾಗಿಲ್ಲ. ಇಲ್ಲಿ 2023ರ ಫೆಬ್ರುವರಿ 3ರಿಂದ 11ರವರೆಗೆ ಶೇ 50ರ ರಿಯಾಯಿತಿ ಬಂತು, ಆ ಒಂಬತ್ತು ದಿನದಲ್ಲಿ 120 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. ಅದೇ ವರ್ಷ ಮಾರ್ಚ್‌ನಲ್ಲಿ ಇನ್ನೊಮ್ಮೆ, ಜುಲೈ ನಂತರ ಮಗದೊಮ್ಮೆ. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಅದೇ ಅರ್ಧ ಬೆಲೆ. ಉತ್ತರ ಪ್ರದೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2017ರಿಂದ 2021ರವರೆಗಿನ ಬಾಕಿ ಚಲನ್‌ಗಳನ್ನೇ 2023ರಲ್ಲಿ ರದ್ದು ಮಾಡಿತು.

ಇದರಲ್ಲಿ ಏಟು ತಿಂದವರು ಯಾರು? ಚಲನ್ ಬಂದ ವಾರದಲ್ಲೇ ಪೂರ್ತಿ ಕಟ್ಟಿದವರು. ರಸ್ತೆಯಲ್ಲಿ ಕೀಲಿ ಬಿಡಿಸಿಕೊಳ್ಳಲು 1,235 ಕಟ್ಟಿದ ಆಟೊ ಚಾಲಕನ ಪಕ್ಕದ ಮನೆಯವನು, ತಪ್ಪಿಸಿಕೊಂಡು ತಿರುಗಿದ್ದಕ್ಕೆ, ಮುಂದಿನ ರಿಯಾಯಿತಿಯಲ್ಲಿ ಅದರ ಐದನೇ ಒಂದು ಭಾಗ ಕಟ್ಟಿ ಕೈ ತೊಳೆದುಕೊಂಡ. ಹೀಗಿದ್ದ ಮೇಲೆ ಬಾಕಿ ಬೆಳೆಯದೆ ಇನ್ನೇನಾಗುತ್ತದೆ? ರಿಯಾಯಿತಿ ನಿಲ್ಲಿಸಬೇಕೆಂಬ ರೇವಂತ್ ರೆಡ್ಡಿ ಅವರ ಮಾತಿನ ಅರ್ಧ ಭಾಗ ಆ ಮಟ್ಟಿಗೆ ಸರಿ.

ಉಳಿದರ್ಧ, ಅಂದರೆ ಖಾತೆಯಿಂದ ನೇರ ಕಡಿತ, ಆರೋಪ ಮತ್ತು ತೀರ್ಪಿನ ನಡುವಿನ ಅಂತರವನ್ನೇ ಅಳಿಸುತ್ತದೆ. ನಕಲಿ ನಂಬರ್ ಪ್ಲೇಟ್ ಹಾಕಿಕೊಂಡವನ ತಪ್ಪಿಗೆ ಅಸಲಿ ಮಾಲೀಕನ ಖಾತೆಯಿಂದ ಹಣ ಹೋದರೆ, ಅದನ್ನು ವಾಪಸ್ ತರಿಸಿಕೊಳ್ಳಲು ಅಲೆಯಬೇಕಾದವನು ಮಾಲೀಕ. ಈಗಿನ ವ್ಯವಸ್ಥೆಯಲ್ಲಿ ಕನಿಷ್ಠ ಹಣ ಅವನ ಜೇಬಿನಲ್ಲೇ ಇರುತ್ತದೆ. ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ತಂದ 167ಎ ನಿಯಮ ಇಂಥ ತಕರಾರುಗಳಿಗಾಗಿಯೇ ಕೆಲವು ಷರತ್ತು ಹಾಕಿದೆ. ಪ್ರಮಾಣಪತ್ರ ಪಡೆದ ಸಾಧನದಿಂದಲೇ ಚಿತ್ರ ತೆಗೆಯಬೇಕು, ಕ್ಯಾಮೆರಾ ಇರುವ ಬಗ್ಗೆ ಫಲಕ ಹಾಕಬೇಕು, ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಸಿಗ್ನಲ್ ಬದಿ ನಿಂತು ಮೊಬೈಲ್‌ನಲ್ಲಿ ಹಿಂದಿನಿಂದ ಕ್ಲಿಕ್ಕಿಸಿದ ಫೋಟೊ ಇದರಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದು ಹೈದರಾಬಾದ್‌ನಲ್ಲಿ ಸಣ್ಣ ಪ್ರಶ್ನೆಯಲ್ಲ.

ಮನೆ ಬಾಗಿಲಿಗೆ ಬಂದರೆ

ಬೆಂಗಳೂರಿನಲ್ಲಿ 2024ರ ಫೆಬ್ರುವರಿಯಲ್ಲಿ ಸಂಚಾರ ಪೊಲೀಸರು 50,000 ರೂಪಾಯಿಗೂ ಹೆಚ್ಚು ಬಾಕಿ ಉಳಿಸಿಕೊಂಡವರ ಮನೆಗೇ ಹೋಗಿ ನೋಟಿಸ್ ಕೊಡಲು ಶುರು ಮಾಡಿದರು. ಕಟ್ಟದಿದ್ದರೆ ಚಾರ್ಜ್‌ಶೀಟ್ ಹಾಕುವುದಾಗಿ ಎಚ್ಚರಿಸಿದರು. ಒಂದು ಸ್ಕೂಟರ್ ಮೇಲಿನ ಬಾಕಿ 3 ಲಕ್ಷ ರೂಪಾಯಿ ದಾಟಿತ್ತು. ಸ್ಕೂಟರ್ ಮಾರಿದರೂ ಅಷ್ಟು ಬರುವುದಿಲ್ಲ. ಮನೆಗೆ ಬಂದರು ಎಂದು ಹುಬ್ಬೇರಿಸಿದವರಿದ್ದರೂ, ನಡುರಸ್ತೆಯಲ್ಲಿ ಕೀಲಿ ಕೀಳುವುದಕ್ಕಿಂತ ಇದು ಕಾನೂನಿಗೆ ಹತ್ತಿರದ ಕ್ರಮ. ನೋಟಿಸ್ ಇದೆ, ಮುಂದೆ ಕೋರ್ಟ್ ಇದೆ, ದೊಡ್ಡ ಬಾಕಿದಾರರೇ ಮೊದಲ ಗುರಿ.

ಲಂಡನ್‌ನಲ್ಲಿರುವ ಕನ್ನಡ ಕುಟುಂಬಗಳಿಗೆ ಈ ಬಾಗಿಲು ಬಡಿತ ಇನ್ನೂ ಗಟ್ಟಿಯಾಗಿ ಕೇಳಿಸುತ್ತದೆ. ಅಲ್ಲಿ ಕೌನ್ಸಿಲ್ ಹಾಕಿದ ಪಾರ್ಕಿಂಗ್ ಅಥವಾ ಬಸ್ ಲೇನ್ ದಂಡ ಕಟ್ಟದಿದ್ದರೆ ಮೊತ್ತ ಅರ್ಧದಷ್ಟು ಏರುತ್ತದೆ, ಆಮೇಲೆ ನಾರ್ತಾಂಪ್ಟನ್‌ನಲ್ಲಿರುವ ಸಂಚಾರ ದಂಡದ ಕೇಂದ್ರದಲ್ಲಿ ನೋಂದಣಿಯಾಗಿ ವಾರಂಟ್ ಹೊರಡುತ್ತದೆ, ಕೊನೆಗೆ ಬೇಲಿಫ್ ಬರುತ್ತಾನೆ. 2014ರ ನಿಯಮದಲ್ಲಿ ಅವನ ಪತ್ರಕ್ಕೇ 75 ಪೌಂಡ್, ಮನೆಗೆ ಬಂದರೆ ಮತ್ತೆ 235 ಪೌಂಡ್ ಶುಲ್ಕ ನಿಗದಿಯಾಗಿತ್ತು. ಊರಿನ ಚಲನ್ ಹಾಗೆ ಇದನ್ನೂ ಡ್ರಾಯರ್‌ಗೆ ಹಾಕಿ ಮರೆತರೆ ಮನೆ ಮುಂದಿನ ಕಾರಿಗೆ ಬೀಗ ಬೀಳುತ್ತದೆ. ಆದರೆ ಆ ಬೇಲಿಫ್‌ಗೂ ಲಗಾಮು ಇದೆ. ಬರುವ ಮುನ್ನ ಏಳು ದಿನದ ನೋಟಿಸ್ ಕೊಡಬೇಕು, ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ರಾತ್ರಿ 9ರೊಳಗೆ ಮಾತ್ರ ಬರಬೇಕು, ಇಂಥ ದಂಡಕ್ಕೆ ಬಾಗಿಲು ಒಡೆದು ಒಳಗೆ ನುಗ್ಗುವಂತಿಲ್ಲ. ಹಳೆಯ ವಿಳಾಸಕ್ಕೆ ನೋಟಿಸ್ ಹೋಗಿ ಕೈಗೆ ಸಿಗದವರು ನಾರ್ತಾಂಪ್ಟನ್‌ಗೆ ಅರ್ಜಿ ಹಾಕಿ ಪ್ರಕರಣವನ್ನು ಹಿಂದಿನ ಹಂತಕ್ಕೆ ಒಯ್ಯಬಹುದು.

ಹೈದರಾಬಾದ್‌ಗೆ ಹೆಚ್ಚಾಗಿ ಓಡಾಡುವ ಕನ್ನಡಿಗರು ಬೀದರ್, ಕಲಬುರಗಿ, ರಾಯಚೂರು ಕಡೆಯವರು. ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ, ಮಾರುಕಟ್ಟೆಗೆ ಕೆಎ-38, ಕೆಎ-32, ಕೆಎ-36 ಗಾಡಿಗಳಲ್ಲಿ ಬಂದು ಹೋಗುವವರು. ಗಡಿ ದಾಟಿದ ಮೇಲೆ ಅಲ್ಲಿನ ಚಲನ್ ಲೆಕ್ಕಕ್ಕಿಲ್ಲ ಎಂಬ ನಂಬಿಕೆ ಅವರಲ್ಲಿ ಅನೇಕರಿಗಿದೆ. ಮುಂದಿನ ಸಲ ಅದೇ ಸಿಗ್ನಲ್‌ನಲ್ಲಿ ನಿಲ್ಲಿಸಿದಾಗ ಗೊತ್ತಾಗುತ್ತದೆ. ತಪ್ಪು ತಮ್ಮದೇ ಆಗಿದ್ದರೆ ಬೇಗ ಕಟ್ಟುವುದೇ ಅಗ್ಗ. ಫೋಟೊದಲ್ಲಿರುವುದು ತಮ್ಮ ಗಾಡಿಯಲ್ಲ, ಅಥವಾ ಮಾರಿದ ಗಾಡಿ ಎಂದಾದರೆ ತೆಲಂಗಾಣ ಪೊಲೀಸರ ಇ-ಚಲನ್ ತಾಣದಲ್ಲಿ ಚಿತ್ರ ತೆಗೆದು ನೋಡಿ, ಬರಹದಲ್ಲಿ ಆಕ್ಷೇಪಣೆ ಸಲ್ಲಿಸಿ ಅದರ ಪ್ರತಿ ಗಾಡಿಯಲ್ಲೇ ಇಟ್ಟುಕೊಳ್ಳಬೇಕು. ಕೋರ್ಟ್‌ನಿಂದ ಸಮನ್ಸ್ ಬಂದರೆ ಮಾತ್ರ ಅದನ್ನು ಚಲನ್ ಎಂದುಕೊಂಡು ಬದಿಗಿಡಬಾರದು. ಹಾಜರಾಗದಿದ್ದರೆ ಬರುವುದು ವಾರಂಟ್, ಅದಕ್ಕೆ ರಿಯಾಯಿತಿ ಇಲ್ಲ.

ಹೈಕೋರ್ಟ್ ಹೇಳಿದ ದಾರಿಯಲ್ಲೇ ಪೊಲೀಸರು ನಡೆದರೆ ಆ ಸಮನ್ಸ್‌ಗಳು ಹೆಚ್ಚಾಗಲೇಬೇಕು. ಅಷ್ಟನ್ನೂ ವಿಚಾರಿಸಲು ಮ್ಯಾಜಿಸ್ಟ್ರೇಟ್‌ಗಳು ಬೇಕು, ಜಾರಿ ಮಾಡಲು ಸಿಬ್ಬಂದಿ ಬೇಕು, ನೋಂದಣಿಯಲ್ಲಿ ಸರಿಯಾದ ವಿಳಾಸ ಮತ್ತು ಫೋನ್ ನಂಬರ್ ಇರಬೇಕು. ಸರ್ಕಾರ ಇವುಗಳಿಗೆ ಹಣ ಹಾಕುವವರೆಗೂ ಪ್ಯಾರಡೈಸ್ ಸರ್ಕಲ್‌ನ ಕಾನ್ಸ್‌ಟೇಬಲ್ ಕೈಯಲ್ಲಿ ಉಳಿಯುವುದು ಅದೇ ಯಂತ್ರ, ಅದೇ ಬಾಕಿ ಪಟ್ಟಿ.