ಮಂಡಿಯ ಚುಚ್ಚುಮದ್ದು: ದರ ಕೇಳಲು ಸಂಕೋಚವೇಕೆ?

ನೆಲದ ಮೇಲೆ ಕುಳಿತು ಏಳಲಾರದ ಹಿರಿಯರಿಗೆ ವೈದ್ಯರು ಮಂಡಿಗೆ ಚುಚ್ಚುಮದ್ದು ಸೂಚಿಸುವುದು ಇಂದು ಸಾಮಾನ್ಯ. ಆದರೆ ಒಂದು ಆಸ್ಪತ್ರೆಯ ದರಕ್ಕೂ ಮತ್ತೊಂದರ ದರಕ್ಕೂ ಅಜಗಜಾಂತರವಿರುವುದುಂಟು. ಕಾರಣವನ್ನರಿಯದೆ ದರಗಳನ್ನು ಹೋಲಿಸಿ ಫಲವಿಲ್ಲ.

ಮೊದಲು, ಮದ್ದು ಯಾವುದೆಂದು ಕೇಳಬೇಕು. ಸ್ಟಿರಾಯ್ಡ್ ಔಷಧದ ಬೆಲೆ ಅಲ್ಪ. ಅದು ನೀಡುವ ಉಪಶಮನ ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಮಾತ್ರ. ಮಧುಮೇಹಿಗಳಿಗೆ ಕೆಲವು ದಿನ ರಕ್ತದ ಸಕ್ಕರೆ ಏರಬಹುದು. ಹಯಲುರಾನಿಕ್ ಆಮ್ಲದ ಚುಚ್ಚುಮದ್ದಿಗಾದರೋ ಸಾವಿರಾರು ರೂಪಾಯಿ ತಗಲುತ್ತದೆ. ಆದರೆ ಕೀಲುಸವೆತಕ್ಕೆ ಅದನ್ನು ನೀಡಬಾರದೆಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್ 2022ರಲ್ಲಿ ಸೂಚಿಸಿದೆ. ದುಬಾರಿಯಾದುದೆಲ್ಲವೂ ಶ್ರೇಷ್ಠವಲ್ಲ.

ಎರಡನೆಯದಾಗಿ, ಔಷಧ, ವೈದ್ಯರ ಶುಲ್ಕ, ಕೊಠಡಿ, ಸ್ಕ್ಯಾನಿಂಗ್ ಇವುಗಳ ವೆಚ್ಚವನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಬೇಕು. ಆಗಲೇ ಹೋಲಿಕೆಗೆ ಅರ್ಥ ಬರುವುದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಅಧಿನಿಯಮದಂತೆ ದರಪಟ್ಟಿಯನ್ನು ಪ್ರದರ್ಶಿಸುವುದು ಆಸ್ಪತ್ರೆಯ ಕರ್ತವ್ಯ. ಅದನ್ನು ಕೇಳುವುದು ರೋಗಿಯ ಹಕ್ಕು.

ಹಾಗೆಂದು ಕಡಿಮೆ ದರವೊಂದನ್ನೇ ನೋಡಿ ಅನುಭವವಿಲ್ಲದವರ ಕೈಗೆ ಮಂಡಿಯನ್ನೊಪ್ಪಿಸಲಾಗದು. ಕೀಲಿನೊಳಗೆ ಸೋಂಕು ತಗಲಿದರೆ ಉಳಿಸಿದ ಹಣಕ್ಕಿಂತ ಹೆಚ್ಚಿನ ನಷ್ಟವಾದೀತು. ಶುಚಿತ್ವವೂ ನುರಿತ ವೈದ್ಯರೂ ಇರುವೆಡೆಯಲ್ಲಿಯೇ ದರವನ್ನು ಹೋಲಿಸಬೇಕು.

ವೈದ್ಯರೊಡನೆ ಹಣದ ಮಾತೆತ್ತುವುದು ಅಗೌರವವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಾಯಕದಿಂದ ಗಳಿಸಿದ ಹಣದ ಲೆಕ್ಕ ಕೇಳುವುದು ಅಗೌರವವಲ್ಲ, ವಿವೇಕ. ಸದ್ಭಕ್ತರು ತಮ್ಮ ಮನೆಯ ಹಿರಿಯರ ಪರವಾಗಿ, ಚುಚ್ಚುಮದ್ದಿಗೆ ಮುನ್ನವೇ ಈ ಪ್ರಶ್ನೆಗಳನ್ನು ಕೇಳಲಿ.